ಪಕ್ಕದ ಸೀಟಿನ ಬ್ರೇಕು

ಮಾರ್ಚ್ ೩, ಭಾನುವಾರ

ಇವರು ಕೆಲಸಕ್ಕೆಂದು ಹಡಗು ಹತ್ತಿ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದಿದ್ದೇವೆ, ನಾನು ಮತ್ತು ಇವರ ಮಗಳು. ನಾವು ದಿನಕ್ಕೆ ಆಡುವ ಮಾತು ಬೆರಳೆಣಿಕೆಯಷ್ಟು. ಆಡದೆ ಉಳಿದದ್ದನ್ನು ಎಲ್ಲಾದರೂ ಸುರಿಯಬೇಕಲ್ಲ, ಅದಕ್ಕೇ ಈ ಡೈರಿ.

ಅವಳಿಗೆ ಇಪ್ಪತ್ತು ವರ್ಷ. ಹೆತ್ತವಳು ಹೋಗಿ ಆರು ವರ್ಷವಾಯಿತು, ನಾನು ಈ ಮನೆಗೆ ಬಂದು ಒಂದೂವರೆ. "ಚಿಕ್ಕಮ್ಮ ಅಂತ ಕರಿ" ಎಂದು ಇವರು ಮೊದಲ ವಾರವೇ ಹೇಳಿದ್ದರು. ಅವಳು ಕರೆಯುವುದು "ಮೇಡಂ" ಎಂದು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು ನಾನು, ಊರಿನ ಅರ್ಧ ಜನ ನನ್ನನ್ನು ಹಾಗೇ ಕರೆಯುತ್ತಾರೆ, ಆದ್ದರಿಂದ ತಪ್ಪೆನ್ನುವಂತಿಲ್ಲ. ಆದರೂ ಊಟಕ್ಕೆ ಕೂತಾಗ "ಮೇಡಂ, ಉಪ್ಪು" ಎಂದರೆ ಕೊಡುವ ಕೈಗೆ ಒಂಥರಾ ಆಗುತ್ತದೆ.

ಇವತ್ತು ತಟ್ಟೆ ತೊಳೆಯುತ್ತಾ, ಬೆನ್ನು ಹಾಕಿಕೊಂಡೇ ಹೇಳಿದಳು: "ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ದೊಡ್ಡಮ್ಮನ ಮನೆಗೆ ಹೋಗ್ತೀನಿ. ಮುಂದಿನ ಓದೂ ಅಲ್ಲೇ." ದೊಡ್ಡಮ್ಮ ಎಂದರೆ ಅವಳ ತಾಯಿಯ ಅಕ್ಕ, ರೈಲಿನಲ್ಲಿ ಒಂದು ರಾತ್ರಿಯ ದೂರ. ನಾನು "ಸರಿ" ಎಂದೆ. ಯಾಕೆ ಹಾಗೆಂದೆನೋ, ಬಾಯಿಗೆ ಬಂತು, ಅಂದುಬಿಟ್ಟೆ.

ಮಲತಾಯಿ ಓಡಿಸಿದಳು ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ, ಅದಿರಲಿ. ಆಡುವವರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಅವಳು ಹೋಗುವುದೇ ನನಗೆ ಬೇಡ. ಬೆಳಿಗ್ಗೆ ಬಚ್ಚಲಲ್ಲಿ ರಾಗ ಕೆಡಿಸಿ ಹಾಡುತ್ತಾಳಲ್ಲ, ಅದು ಕೇಳಿಸದಿದ್ದರೆ ಈ ಮನೆ ಹೇಗಿರುತ್ತದೆ ಎಂದು ಯೋಚಿಸಲೂ ಆಗುವುದಿಲ್ಲ.

ಮಾರ್ಚ್ ೬, ಬುಧವಾರ

ಇವರ ಫೋನು ಬಂತು. ಮಗಳಿಗೆ ಕಾರು ಕೊಡಿಸುವುದಾಗಿ ಹೋಗುವ ಮೊದಲೇ ಮಾತು ಕೊಟ್ಟಿದ್ದರಂತೆ. "ನೀನು ಜೊತೆಗಿದ್ದು ನೋಡು. ಕಾರಿನ ವಿಷಯ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು. ಹೆಂಡತಿ, ಮಗಳು ಇಬ್ಬರನ್ನೂ ಒಂದೇ ಕಾರಿನಲ್ಲಿ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಹುನ್ನಾರ. ನೀರಿನ ಮೇಲಿರುವವರಿಗೆ ನೆಲದ ಮೇಲಿನ ಕಷ್ಟ ಏನು ಗೊತ್ತು!

ಕಾರು ಬೇಕಾಗಿರುವುದು ಆಟೋಕ್ರಾಸ್‌ಗಂತೆ. ಹಳೆಯ ಸಂತೆ ಮೈದಾನದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಸುತ್ತು ಬಳಸಿನ ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಪೈಪೋಟಿ ಗಡಿಯಾರದ ಜೊತೆ. ಕೋನ್ ಬೀಳಿಸಿದರೆ ಎರಡು ಸೆಕೆಂಡ್ ದಂಡ. ಯಾರಿಗೂ ಯಾರೂ ಗುದ್ದುವ ಪ್ರಮೇಯವಿಲ್ಲ ಎಂದು ತಿಳಿದ ಮೇಲೆ ನನ್ನ ಎದೆಬಡಿತ ಸ್ವಲ್ಪ ಇಳಿಯಿತು. ಹೋಗುವ ಮುಂಚೆ ಎರಡು ಸ್ಪರ್ಧೆಯಲ್ಲಾದರೂ ಓಡಿಸಬೇಕು ಎಂಬುದು ಅವಳ ಹಟ. ಇವರ ಷರತ್ತೂ ಇದೆ: ಬೆಲೆ ಕೈಗೆಟುಕಬೇಕು, ಭಾನುವಾರ ಸ್ಪರ್ಧೆ ಮುಗಿಸಿದ ಕಾರೇ ಸೋಮವಾರ ಕಾಲೇಜಿಗೂ ಹೋಗಬೇಕು, ಪೊಲೀಸರು ಕೈ ಅಡ್ಡ ಹಾಕಿದರೆ ಅಳುಕದೆ ನಿಲ್ಲಬೇಕು.

ಮಾರ್ಚ್ ೧೦, ಭಾನುವಾರ

ಮೊದಲ ಕಾರು ನೋಡಿ ಬಂದೆವು. ಒಬ್ಬ ಹಲ್ಲಿನ ವೈದ್ಯರದು. ಎರಡೇ ಬಾಗಿಲು, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಹುಡುಗಿ ಅದನ್ನು ನೋಡಿದ್ದೇ ತಡ, ಮುಖದಲ್ಲಿ ದೀಪ ಹತ್ತಿತು. ವೈದ್ಯರು ಸ್ಟಾರ್ಟ್ ಮಾಡಿದರು. ಎದುರು ಮನೆಯ ನಾಯಿ ಓಡಿಹೋಯಿತು.

ನಾನು ಟೈರು ನೋಡಿದೆ. ಒಳಗಿನ ಅಂಚು ಮಾತ್ರ ಬೋಳಾಗಿತ್ತು. ಡಿಕ್ಕಿಯ ಹಾಸು ಎತ್ತಿದರೆ ಕೆಳಗೆ ಬೆಸುಗೆಯ ಗುರುತು. ಎಲ್ಲೋ ಚೆನ್ನಾಗಿ ಪೆಟ್ಟು ತಿಂದ ಕಾರು. ಆ ಸೈಲೆನ್ಸರ್ ಸದ್ದಿಗೆ ಮೊದಲ ಸರ್ಕಲ್ಲಿನಲ್ಲೇ ಪೊಲೀಸರು ಕೈ ಅಡ್ಡ ಹಾಕುವುದು ಖಂಡಿತ. "ಬೇಡ" ಎಂದೆ, ವೈದ್ಯರ ಎದುರಿಗೇ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಳಿಯುವಾಗ ಕೇಳಿದಳು: "ಮೇಡಂ, ನಿಮಗೆ ಬ್ರೇಕ್ ಹಾಕೋದು ಬಿಟ್ಟು ಬೇರೆ ಏನಾದ್ರೂ ಗೊತ್ತಾ?"

ಬ್ರೇಕ್ ಹಾಕಿಯೇ ನಾನು ಹತ್ತೊಂಬತ್ತು ವರ್ಷ ಅನ್ನ ತಿಂದಿದ್ದು. ನಮ್ಮ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲಿನ ಬಳಿಯೂ ಒಂದು ಬ್ರೇಕಿರುತ್ತದೆ. ಅದಿಲ್ಲದಿದ್ದರೆ ಈ ಊರಿನ ಎಷ್ಟು ಗೋಡೆಗಳು, ಎಷ್ಟು ಹಸುಗಳು ಉಳಿಯುತ್ತಿದ್ದವೋ! ಹೀಗೆಲ್ಲ ಹೇಳಬೇಕೆನಿಸಿತು, ಇಲ್ಲಿ ಬರೆದೆ.

ಮಾರ್ಚ್ ೧೭, ಭಾನುವಾರ

ನಾನು ಹುಡುಕಿದ ಕಾರು: ನಿವೃತ್ತ ಲೆಕ್ಕದ ಮೇಷ್ಟ್ರದು, ಎತ್ತರದ್ದು, ಅಗಲ ಸೀಟು, ಒಂದು ಗೀರಿಲ್ಲ. ನಾನೇ ಓಡಿಸಿ ನೋಡಿದೆ. ಅವರ ಮನೆ ತಿರುವಿನಲ್ಲಿ ಅದು ವಾಲಿದ ರೀತಿಗೆ ಹಿಂದೆ ಕೂತಿದ್ದ ಮೇಷ್ಟ್ರು ಹುಡುಗಿಯ ಹೆಗಲ ಮೇಲೆ ಬಂದರು. "ಆಲೂಗಡ್ಡೆ ಮೂಟೆ" ಎಂದು ಅವಳು ಗೊಣಗಿದಳು. ಕಾರಿಗೆ ಹೇಳಿದ್ದು, ಮೇಷ್ಟ್ರಿಗಲ್ಲ ಎಂದುಕೊಂಡಿದ್ದೇನೆ.

ವಾಪಸು ಬರುವಾಗ ಸಂತೆ ಮೈದಾನಕ್ಕೆ ಹೋದೆವು. ಆಟೋಕ್ರಾಸ್ ಕ್ಲಬ್ಬಿನವರ ಅಭ್ಯಾಸ ನಡೆದಿತ್ತು. ಗಡಿಯಾರ ನೋಡಿಕೊಳ್ಳುವ ಮುದುಕರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಸೆಕೆಂಡ್ ತಾತ ಎನ್ನುತ್ತಾರೆ. ಎತ್ತರದ ಕಾರು ಮಗುಚುತ್ತದೆ, ಕ್ಲಬ್ಬಿನಲ್ಲಿ ಸೇರಿಸುವುದೇ ಇಲ್ಲ ಎಂದು ಅವರು ಹೇಳಿದಾಗ ನಾನು ನೆಲ ನೋಡಿದೆ. ಹುಡುಗಿ ಆಕಾಶ ನೋಡಿದಳು.

"ಹಾಗಾದ್ರೆ ಯಾವ ಕಾರು ತಗೋಬೇಕು ತಾತ?" ಎಂದು ಕೇಳಿದಳು.

"ಹಗುರ ಇರ್ಲಿ, ಗಿಡ್ಡ ಇರ್ಲಿ. ಬಿಡಿ ಭಾಗ ಮೂಲೆ ಅಂಗಡೀಲಿ ಸಿಗ್ಬೇಕು. ಈ ಆಟ ಎಲ್ಲಾ ಎರಡನೇ ಗೇರಲ್ಲೇ ಮುಗಿಯುತ್ತೆ, ಅದೊಂದು ಗಟ್ಟಿ ಇದ್ರೆ ಸಾಕು. ಮೊದಲನೇ ವರ್ಷ ಗೆಲ್ಲೋ ಕಾರು ಬೇಡಮ್ಮ, ಕಲಿಸೋ ಕಾರು ತಗೋ."

ದಾರಿಯುದ್ದಕ್ಕೂ ಏನೋ ಲೆಕ್ಕ ಹಾಕುತ್ತಿದ್ದಳು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಕೇಳಿಯೇಬಿಟ್ಟಳು: "ನಿಮ್ಮ ಸ್ಕೂಲಿನ ಶೆಡ್ಡಲ್ಲಿ ಒಂದು ಬಿಳೀ ಕಾರು ನಿಂತಿರುತ್ತಲ್ಲ, ಮಾರ್ತಾರಾ?"

ಮಾರ್ಚ್ ೧೯, ಮಂಗಳವಾರ

ಅದೊಂದು ಬಿಟ್ಟು ಬೇರೆ ಯಾವುದಾದರೂ ಕೇಳಬಾರದಿತ್ತೇ? ಆ ಬಿಳಿ ಕಾರಿನಲ್ಲಿ ನಾನು ಪಟ್ಟಷ್ಟು ಭಯ ಜನ್ಮದಲ್ಲಿ ಇನ್ನೆಲ್ಲೂ ಪಟ್ಟಿಲ್ಲ. ಎಷ್ಟು ಜನ ಅದರಲ್ಲಿ ಬೆವರಿದ್ದಾರೆ, ಅತ್ತಿದ್ದಾರೆ, ದೇವರನ್ನು ಕೂಗಿದ್ದಾರೆ. ಸಂಜೆ ಕೀ ಕೊಟ್ಟು ಮನೆಗೆ ಬರುವುದೇ ನನ್ನ ದಿನದ ಸುಖ, ಈಗ ಆ ಕಾರೂ ನನ್ನ ಹಿಂದೆಯೇ ಮನೆಗೆ ಬರಬೇಕಂತೆ.

ಆದರೆ ಸುಳ್ಳು ಹೇಳಲಾಗುವುದಿಲ್ಲ. ಹಗುರ, ಗಿಡ್ಡ, ಕಾಗದಪತ್ರವೆಲ್ಲ ಸರಿ. ಹೋದ ವರ್ಷ ಗೇರ್‌ಬಾಕ್ಸ್ ಬಿಚ್ಚಿ ಎರಡನೇ ಗೇರು ಹೊಸದು ಹಾಕಿಸಿದವಳು ನಾನೇ. ಮೆಕ್ಯಾನಿಕ್ ಗ್ರೀಸಣ್ಣನನ್ನು ಕೇಳಿದರೆ ಬಿದ್ದು ಬಿದ್ದು ನಕ್ಕ. "ತಗೊಳ್ಳಿ ಮೇಡಂ. ನಾಲ್ಕನೇ ಗೇರಂತೂ ಶೋರೂಮಿಂದ ಬಂದ ಹಾಗೇ ಇದೆ. ಯಾರು ಹಾಕಿದಾರೆ ಅದನ್ನ?"

ಮಾರ್ಚ್ ೨೩, ಶನಿವಾರ

ಬಂತು. ನಮ್ಮ ಮನೆ ಮುಂದೆ ನಿಂತಿದೆ. ಸ್ಕೂಲಿನ ಮಾಲೀಕರು ಸಸಾರದ ಬೆಲೆಗೇ ಕೊಟ್ಟರು, ಮೇಲೆ ಎರಡು ಹಳೆಯ 'ಎಲ್' ಬೋರ್ಡು ಉಚಿತ.

ಸ್ಪರ್ಧೆಯ ದಿನ ಕಾರಿನೊಳಗೆ ಸಡಿಲ ಸಾಮಾನು ಒಂದೂ ಇರಬಾರದಂತೆ, ಉರುಳಿ ಬಂದು ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಕಷ್ಟ. ಇಬ್ಬರೂ ಸೇರಿ ಖಾಲಿ ಮಾಡಿದೆವು. ಸೀಟಿನಡಿಯಿಂದ ಕೂದಲಿನ ಕ್ಲಿಪ್ಪುಗಳು, ಒಂದು ಕಿವಿಯೋಲೆ, ಯಾರದೋ ಓದುವ ಕನ್ನಡಕ, ಅರ್ಧ ತಿಂದು ಕಲ್ಲಾದ ಬಿಸ್ಕತ್ತು. "ಇದು ಕಾರಾ, ಕಳೆದುಹೋದ ವಸ್ತುಗಳ ಕಚೇರೀನಾ?" ಎಂದಳು ಹುಡುಗಿ. ನನಗೆ ನಗು ಬಂತು. ಅವಳಿಗೂ ಬರುವುದರಲ್ಲಿತ್ತು, ತಡೆದುಕೊಂಡಳು.

ಆಮೇಲೆ ಪಕ್ಕದ ಸೀಟಿನ ಬ್ರೇಕು ತೋರಿಸಿ, "ಇದನ್ನ ತೆಗೆಸಿಬಿಡಿ" ಎಂದಳು. ಗ್ರೀಸಣ್ಣನಿಗೆ ಹೇಳುತ್ತೇನೆ ಎಂದೆ.

ಏಪ್ರಿಲ್ ೪, ಗುರುವಾರ

ಗ್ರೀಸಣ್ಣನಿಗೆ ಪುರುಸೊತ್ತಿಲ್ಲವಂತೆ ಎಂದು ಅವಳಿಗೆ ಹೇಳಿದೆ. ನಾನು ಅವನನ್ನು ಕೇಳಿಯೇ ಇಲ್ಲ. ಆ ಬ್ರೇಕು ಇರಲಿ ಬಿಡು, ಇದ್ದರೆ ಏನು ಅನ್ನ ಕೇಳುತ್ತದೆಯೇ?

ಏಪ್ರಿಲ್ ೭, ಭಾನುವಾರ

ಏನು ಬರೆಯಲಿ. ಬರೆಯದೆ ನಿದ್ದೆಯೂ ಬರುವುದಿಲ್ಲ.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಕಾಗದದ ಟೇಪು ಕತ್ತರಿಸಿ ಬಾಗಿಲ ಮೇಲೆ ನಂಬರ್ ಅಂಟಿಸಿದೆವು. ಕಾರು ಪರೀಕ್ಷಿಸುವವರು ಪಕ್ಕದ ಬ್ರೇಕು ಕಂಡು ನಕ್ಕು, "ಅಲ್ಲಿ ಕೂರೋರು ಕಾಲು ಹಿಂದೆ ಇಟ್ಕೊಳ್ಳಿ" ಎಂದಷ್ಟೇ ಹೇಳಿ ಬಿಟ್ಟರು. ಓಡಿಸುವ ಮೊದಲು ಎಲ್ಲರೂ ದಾರಿಯನ್ನು ನಡೆದು ನೋಡುತ್ತಾರೆ. ಅವಳು ಎರಡು ಸಲ ನಡೆದಳು, ಆದರೂ ಗಾಬರಿ. ಸಾಲು ಸಾಲು ಕಿತ್ತಳೆ ಕೋನ್, ಯಾವುದರ ಎಡಕ್ಕೆ, ಯಾವುದರ ಬಲಕ್ಕೆ ಒಂದೂ ನೆನಪಿರುವುದಿಲ್ಲ. ಹೆಲ್ಮೆಟ್ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದಳು: "ಮೇಡಂ, ಪಕ್ಕದಲ್ಲಿ ಕೂತು ದಾರಿ ಹೇಳ್ತೀರಾ?"

ಒಂದೂವರೆ ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಸಹಾಯ. ಕುಣಿದಾಡುವಷ್ಟು ಸಂತೋಷವಾಯಿತು.

ಚೆನ್ನಾಗಿ ಓಡಿಸಿದಳು, ನಿಜವಾಗಿಯೂ ಚೆನ್ನಾಗಿ. ಎಡ, ಬಲ, ಎಡ ಎಂದು ನಾನು ಹೇಳುತ್ತಿದ್ದೆ, ಅವಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಗುತ್ತಿದ್ದಳು. ಕೊನೆಯ ದೊಡ್ಡ ತಿರುವಿನಲ್ಲಿ ಕಾರಿನ ಬಾಲ ಸ್ವಲ್ಪ ಜಾರಿತು. ಅವಳು ಸ್ಟೀರಿಂಗ್ ಹಿಂದಕ್ಕೆ ತಿರುಗಿಸಿ ಸರಿ ಮಾಡಿಕೊಳ್ಳುತ್ತಿದ್ದಳು, ಮಾಡಿಕೊಂಡೇ ಬಿಟ್ಟಿದ್ದಳು. ಅಷ್ಟರಲ್ಲಿ ನನ್ನ ಕಾಲು ಒತ್ತಿತು.

ಕಾರು ಅಡ್ಡಡ್ಡ ನಿಂತು ಎಂಜಿನ್ ಆರಿತು. ಓಟ ಮುಗಿಯುವ ಗೆರೆ ಇಪ್ಪತ್ತು ಹೆಜ್ಜೆ ಮುಂದಿತ್ತು. ಅವಳು ಹೆಲ್ಮೆಟ್ ತೆಗೆದು ನನ್ನ ಮಡಿಲಲ್ಲಿಟ್ಟು ಇಳಿದು ನಡೆದಳು. ಪಾಲಿಗಿದ್ದ ಮೂರರಲ್ಲಿ ಉಳಿದ ಎರಡು ಸುತ್ತು ಓಡಿಸಲೇ ಇಲ್ಲ.

"ಬೇಕಂತ ಮಾಡಿದ್ದಲ್ಲ" ಎಂದೆ, ಮನೆಗೆ ಬಂದ ಮೇಲೆ.

"ಗೊತ್ತು. ಅದೇ ಕಷ್ಟ. ನಾನು ಏನು ಮಾಡಿದ್ರೂ ನಿಮ್ಮ ಕಾಲಿಗೆ ನಂಬಿಕೆ ಇಲ್ಲ."

ಏಪ್ರಿಲ್ ೮, ಸೋಮವಾರ

ಬಚ್ಚಲಲ್ಲಿ ಹಾಡಿಲ್ಲ.

ಏಪ್ರಿಲ್ ೧೧, ಗುರುವಾರ

ಅವಳ ಕೋಣೆಯಲ್ಲಿ ಎರಡು ರಟ್ಟಿನ ಪೆಟ್ಟಿಗೆ ಬಂದಿವೆ. ಪುಸ್ತಕ ತುಂಬಿಸುತ್ತಿದ್ದಾಳೆ. ದೊಡ್ಡಮ್ಮನ ಫೋನು ದಿನಾ ಬರುತ್ತಿದೆ.

ಸ್ಕೂಲಿನಲ್ಲಿ ಹೊಸಬರೊಬ್ಬರಿಗೆ ರಿವರ್ಸ್ ಕಲಿಸುವಾಗ ನನ್ನ ಕಾಲನ್ನೇ ನೋಡುತ್ತಿದ್ದೆ. ಅವರು ಇನ್ನೂ ತಪ್ಪು ಮಾಡಿಯೇ ಇರಲಿಲ್ಲ, ಕಾಲು ಆಗಲೇ ಪೆಡಲಿನ ಮೇಲಿತ್ತು. ಇವರು ಓಡಿಸುವಾಗಲೂ ಅಷ್ಟೇ, ಎಷ್ಟು ದೂರದ ದಾರಿಯಾದರೂ ಪಕ್ಕದ ಸೀಟಿನಲ್ಲಿ ನಾನು ಕಣ್ಣು ಮುಚ್ಚುವವಳಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಸಂಬಳಕ್ಕೆ ಕಲಿತದ್ದು. ಹೋಗಬಹುದು.

ಏಪ್ರಿಲ್ ೧೪, ಭಾನುವಾರ

ಬೆಳಿಗ್ಗೆ ತಿಂಡಿ ಮುಗಿಸಿ ಸ್ಪ್ಯಾನರ್ ಹಿಡಿದು ಕಾರಿನಡಿ ತೂರಿದೆ. ಗ್ರೀಸಣ್ಣನನ್ನು ಕರೆಯಬಹುದಿತ್ತು, ಆದರೆ ಇದು ನಾನೇ ಮಾಡಬೇಕಾದ ಕೆಲಸ ಅನ್ನಿಸಿತು. ಒಂದು ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದೆ. ಅದರಲ್ಲಿ ಕೆಲವು ನನ್ನ ವಿದ್ಯಾರ್ಥಿಗಳಿಂದ ಕಲಿತವು.

ಪಕ್ಕದಲ್ಲಿ ಎರಡು ಚಪ್ಪಲಿ ಕಾಣಿಸಿದವು. "ಮೇಡಂಗೆ ಇಂಥಾ ಮಾತೂ ಬರುತ್ತಾ?"

"ಬರುತ್ತೆ. ಆ ಎಣ್ಣೆ ಡಬ್ಬ ಕೊಡು."

ಕೊಟ್ಟಳು. ಆಮೇಲೆ ತಾನೇ ಮಲಗಿಕೊಂಡು ಒಳಗೆ ಬಂದಳು. ಅವಳು ಹಿಡಿದಳು, ನಾನು ತಿರುಗಿಸಿದೆ. ಬಂತು. ಪೆಡಲು ಕೈಗೆ ಬಂದಾಗ ಇಷ್ಟೇನಾ ಅನ್ನಿಸಿತು, ದೋಸೆ ಮಗುಚುವ ಸಟ್ಟುಗದಷ್ಟು ಭಾರವೂ ಇಲ್ಲ. ಗುಜರಿಯವನಿಗೆ ಕೊಟ್ಟೆ. ನೆಲದಲ್ಲಿ ಉಳಿದ ತೂತಿಗೆ ಅವಳು ರಬ್ಬರ್ ಬಿರಡೆ ಒತ್ತಿದಳು.

"ಗ್ರೀಸಣ್ಣನಿಗೆ ಪುರುಸೊತ್ತಿಲ್ಲ ಅಂದಿದ್ದು ಸುಳ್ಳು ಕಣೆ. ನಾನು ಕೇಳೇ ಇರಲಿಲ್ಲ. ಹೆದರಿಕೆ ಆಯ್ತು" ಎಂದೆ.

"ನನ್ನ ಡ್ರೈವಿಂಗ್ ಮೇಲಾ?"

"ಅಲ್ಲ. ನಿನಗೆ ಏನಾದ್ರೂ ಆದ್ರೆ ಅಂತ."

ಅವಳು ಕೈ ಒರೆಸುವ ಬಟ್ಟೆಯನ್ನು ಮೊದಲು ನನಗೆ ಕೊಟ್ಟಳು.

ಏಪ್ರಿಲ್ ೨೦, ಶನಿವಾರ

ಪರೀಕ್ಷೆಗೆ ಓದುವುದು ಬಿಟ್ಟು ನನಗೆ ಪಾಠ ಶುರು ಮಾಡಿದ್ದಾಳೆ ಹುಡುಗಿ! ಒಂದೇ ಕಾರಿನಲ್ಲಿ ಇಬ್ಬರು ಸ್ಪರ್ಧಿಸಬಹುದಂತೆ, ಮುಂದಿನ ಸಲಕ್ಕೆ ನನ್ನ ಹೆಸರನ್ನೂ ಬರೆಸಿ ಬಂದಿದ್ದಾಳೆ. "ಪಕ್ಕದಲ್ಲೇ ಕೂತು ಕೂತು ನಿಮಗೆ ಓಡಿಸೋದು ಏನು ಅಂತಲೇ ಮರೆತುಹೋಗಿದೆ" ಎಂದು ತೀರ್ಪು ಕೊಟ್ಟಳು.

ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟಳು. ನಾನು ಕೂತೆ. ಕನ್ನಡಿ ನೋಡಿದೆ, ಬೆಲ್ಟು ಎಳೆದು ನೋಡಿದೆ, ಹೊರಟೆ. ಮೊದಲ ಬಾಟಲಿ ದಾಟಿದ್ದೇ ಅವಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ಏನೋ ಆಯಿತೆಂದು ನಿಲ್ಲಿಸಿ ಓಡಿದೆ.

"ಇಂಡಿಕೇಟರ್!" ಎಂದಳು, ಉಸಿರು ಸಿಕ್ಕ ಮೇಲೆ. "ಬಾಟಲಿಗೆ ಇಂಡಿಕೇಟರ್ ಹಾಕ್ತಿದೀರಿ ಮೇಡಂ!"

ಹಾಕುತ್ತಿದ್ದೆನಂತೆ, ಪ್ರತಿ ತಿರುವಿಗೂ. ನನಗೆ ಗೊತ್ತೇ ಆಗಿರಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದೆ, ಕೈ ಕೇಳಲಿಲ್ಲ. ಅವಳ ಕಣ್ಣಲ್ಲಿ ನೀರು ಬರುವಷ್ಟು ನಗು. ನನ್ನ ಮಾನ ಮೂರು ಕಾಸಿಗೆ ಹೋದರೂ ಆ ನಗು ನೋಡಲು ಇನ್ನೊಂದು ಸುತ್ತು ಬೇಕೆಂದೇ ಹಾಕಿದೆ.

ಪೆಟ್ಟಿಗೆಗಳು ಕೋಣೆಯಲ್ಲಿ ಹಾಗೇ ಇವೆ. ಕೇಳಲು ಧೈರ್ಯವಿಲ್ಲ.

ಏಪ್ರಿಲ್ ೨೮, ಭಾನುವಾರ

ಮೈಯೆಲ್ಲ ಧೂಳು, ಮೂಗು ಬಿಸಿಲಿಗೆ ಸುಟ್ಟಿದೆ. ಸ್ನಾನಕ್ಕೆ ಮೊದಲು ಬರೆದುಬಿಡುತ್ತೇನೆ.

ನನ್ನ ಓಟ: ಎಲ್ಲರಿಗಿಂತ ನಿಧಾನ. ಸೆಕೆಂಡ್ ತಾತ ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ನಿಂತಿಲ್ಲ ತಾನೇ ಎಂದು ಪರೀಕ್ಷಿಸಿದರು. ಇಂಡಿಕೇಟರ್ ಎರಡೇ ಸಲ ಹಾಕಿದೆ. ಒಂದು ಕೋನೂ ಬೀಳಲಿಲ್ಲ. ಮೂರನೇ ಸುತ್ತಿನಲ್ಲಿ ಕಾಲು ಆಕ್ಸಿಲರೇಟರ್ ಮೇಲೆ ಪೂರ್ತಿ ಇಳಿದಾಗ ನನ್ನ ಬಾಯಿಂದ ಒಂದು ಕೇಕೆ ಬಂತು, ನನ್ನದೇ ದನಿಯೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಲವತ್ತಾರು ವರ್ಷಕ್ಕೆ ಇದೊಂದು ಬಾಕಿ ಇತ್ತು.

ಓಡಿಸದಿದ್ದಾಗ ಪ್ರತಿಯೊಬ್ಬರೂ ಮೈದಾನದಲ್ಲಿ ನಿಂತು ಬಿದ್ದ ಕೋನ್ ಎತ್ತಬೇಕು, ಎಷ್ಟು ಬಿದ್ದವೆಂದು ವಾಕಿಟಾಕಿಯಲ್ಲಿ ಹೇಳಬೇಕು, ಅದು ಕ್ಲಬ್ಬಿನ ನಿಯಮ. ಅವಳು ಓಡಿಸುವಾಗ ನನ್ನ ಜಾಗ ಸರಿಯಾಗಿ ಆ ದೊಡ್ಡ ತಿರುವಿಗೇ ಬಂತು. ಕೈಯಲ್ಲಿ ಕೆಂಪು ಬಾವುಟ, ಅಪಾಯವಾದರೆ ಬೀಸಲು.

ಕೊನೆಯ ಸುತ್ತಿನಲ್ಲಿ ಮಗಳು ಬಾಣದಂತೆ ಬಂದಳು. ಬಾಲ ಜಾರಿತು. ಈ ಸಲ ಸಣ್ಣದಾಗಿ ಅಲ್ಲ, ಕಾರು ಒಂದು ಸುತ್ತು ಪೂರ್ತಿ ತಿರುಗಿ ಧೂಳಿನಲ್ಲಿ ಮುಚ್ಚಿಹೋಯಿತು. ನಾನು ಬಾವುಟ ಎತ್ತಲಿಲ್ಲ. ಧೂಳಿನೊಳಗೆ ಎಂಜಿನ್ ಇನ್ನೂ ಮಾತಾಡುತ್ತಿತ್ತು, ಅವಳು ಬ್ರೇಕು, ಕ್ಲಚ್ಚು ಎರಡೂ ಒತ್ತಿ ಹಿಡಿದಿದ್ದಾಳೆಂದು ಗೊತ್ತಾಯಿತು. ಮೂಗು ಸರಿಯಾದ ದಿಕ್ಕಿಗೆ ಮಾಡಿಕೊಂಡು ಹೊರಟೇ ಹೋದಳು. ನಾನು ವಾಕಿಟಾಕಿ ಒತ್ತಿ, "ಎರಡು ಕೋನ್" ಎಂದೆ.

ಆಮೇಲೆ ಶುರುವಾಯಿತು ನೋಡು ಮಹಾಯುದ್ಧ.

"ಎರಡು ಅಂತ ಹೇಳಿದ್ದು ನೀವೇನಾ? ಬಿದ್ದಿದ್ದು ಒಂದು!"

"ಎರಡು. ನಾನೇ ಎತ್ತಿಟ್ಟಿದ್ದು."

"ಇನ್ನೊಂದು ಬರೀ ಅಲ್ಲಾಡಿತು! ಸ್ವಂತ ಮನೆಯವರೇ ಹೀಗೆ ಮಾಡಿದ್ರೆ? ಆ ಎರಡು ಸೆಕೆಂಡಿಲ್ಲದಿದ್ರೆ ಆರನೇ ಸ್ಥಾನ!"

"ಮನೆಯವಳು ಅಂತ ಸುಳ್ಳು ಹೇಳ್ಬೇಕಾ?"

"ಹೇಳಿದ್ರೆ ಏನಾಗ್ತಿತ್ತು?"

ಮೈದಾನವೆಲ್ಲ ನೋಡುತ್ತಿತ್ತು. ಸೆಕೆಂಡ್ ತಾತ ನಡುವೆ ಬಂದು, "ತಾಯಿ ಮಗಳ ಜಗಳ ಮನೇಲಿ ಮುಗಿಸ್ಕೊಳ್ಳಿ, ಬಿಸಿಲು ಜಾಸ್ತಿ ಇದೆ" ಎಂದರು. ಇಬ್ಬರೂ ಅವರನ್ನು ತಿದ್ದಲಿಲ್ಲ. ಜಗಳ ಬಿಟ್ಟು ಅದಕ್ಕೆಲ್ಲ ಯಾರಿಗೆ ಪುರುಸೊತ್ತಿತ್ತು?

ವಾಪಸು ಅವಳೇ ಓಡಿಸಿದಳು. ಊರಿನ ಸೇತುವೆಯವರೆಗೆ ಆ ಎರಡನೇ ಕೋನಿನ ಮೇಲೆ ವಾದ ಮಾಡಿದ್ದು ನೆನಪಿದೆ. ಆಮೇಲೆ ಎಚ್ಚರವಾದಾಗ ಕಾರು ಮನೆ ಮುಂದೆ ನಿಂತಿತ್ತು, ಎಂಜಿನ್ ಆರಿತ್ತು. ಅವಳು ಕಿಟಕಿಯ ಕಡೆ ತಿರುಗಿ ಮೆತ್ತಗೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಮೆಲ್ಲಗೆ ಮಾತಾಡು ದೊಡ್ಡಮ್ಮ, ನಮ್ಮ ಮೇಡಂ ಮಲಗಿದಾರೆ... ಬರ್ತೀನಿ, ರಜೆಗೆ. ಹತ್ತು ದಿನ ಇದ್ದು ಬರ್ತೀನಿ... ಇಲ್ಲ ದೊಡ್ಡಮ್ಮ, ಓದು ಇಲ್ಲೇ. ಜೂನ್‌ನಲ್ಲಿ ಮೂರನೇ ಸ್ಪರ್ಧೆ ಇದೆ... ಅಪ್ಪ ಬಂದ್ರೂ ಮತ್ತೆ ಹೋಗ್ತಾರಲ್ಲ. ಆಮೇಲೆ ಇವರೊಬ್ಬರೇ ಆಗ್ತಾರೆ. ಇವರನ್ನ ಹೀಗೇ ಬಿಟ್ಟರೆ ಜೂನ್‌ನಲ್ಲೂ ಕೋನ್‌ಗೆ ಇಂಡಿಕೇಟರ್ ಹಾಕ್ಕೊಂಡೇ ಹೋಗ್ತಾರೆ."

ನಾನು ಮತ್ತೆ ಕಣ್ಣು ಮುಚ್ಚಿದವಳು ಬಿಡಲಿಲ್ಲ. ಬಿಟ್ಟಿದ್ದರೆ ನೀರು ಕೆಳಗಿಳಿಯುತ್ತಿತ್ತು, ಸುಮ್ಮನೆ ಅವಳಿಗೂ ಮುಜುಗರ. ಫೋನು ಮುಗಿದ ಮೇಲೂ ಅವಳು ನನ್ನನ್ನು ಎಬ್ಬಿಸದೆ ಸುಮ್ಮನೆ ಕೂತಿದ್ದಳು. ನಾನೂ ಕೂತಿದ್ದೆ. ಜೀವ ತಣ್ಣಗಾಯಿತು.

ಈಗ ತಾನೇ ಇವರ ಫೋನು ಬಂದಿತ್ತು. ಸ್ಪರ್ಧೆಯ ವಿಷಯವೆಲ್ಲ ಹೇಳಿದೆ. ಮಗಳು ಪಕ್ಕದಿಂದ "ಒಂದೇ ಕೋನು ಅಪ್ಪಾ" ಎಂದು ಕೂಗಿದಳು.

"ರಸ್ತೇಲಿ ಹೇಗೆ ಓಡಿಸ್ತಾಳೆ? ನಿಜ ಹೇಳು" ಎಂದು ಕೇಳಿದರು.

"ಗೊತ್ತಿಲ್ಲರೀ, ವಾಪಸು ಬರುವಾಗ ನಾನು ನಿದ್ದೆ ಮಾಡ್ತಿದ್ದೆ."

ಲೈನು ಕಡಿಯಿತೇನೋ ಎಂದು "ಹಲೋ, ಹಲೋ" ಎಂದೆ.

"ನೀನಾ?" ಎಂದರು. "ಕಾರಲ್ಲಾ?"

ಅಷ್ಟು ಆಶ್ಚರ್ಯಪಡುವಂಥದ್ದು ಏನಿತ್ತೋ ನಾನರಿಯೆ. ಬಿಸಿಲಲ್ಲಿ ದಣಿದಿದ್ದೆ, ಮಗಳು ಓಡಿಸುತ್ತಿದ್ದಳು, ನಿದ್ದೆ ಬಂತು.